ನೂರು ಕೋಟಿಯ ಜಗಳ

ಲಾಸ್ ಏಂಜಲೀಸ್‌ಗೆ ದಕ್ಷಿಣದ ಸ್ಕ್ರಿಪ್ಸ್ ರ್ಯಾಂಚ್‌ನಲ್ಲಿ ನಮ್ಮ ಪಕ್ಕದ ಮನೆಯ ವಯಸ್ಸಾದ ದಂಪತಿಯ ಮಾತು ಪೋರ್ಚುಗೀಸ್. ಗಂಡ ಪೋರ್ಚುಗಲ್‌ನವರು, ಗಣಿತದ ಮೇಷ್ಟರಾಗಿದ್ದವರು. ಹೆಂಡತಿ ಬ್ರೆಜಿಲ್‌ನವರು. ದೊಡ್ಡ ಸಂಖ್ಯೆ ಬಂದರೆ ಸಾಕು, ಮನೆ ಎರಡಾಗುತ್ತಿತ್ತು. ನಮ್ಮ ನೂರು ಕೋಟಿಗೆ ಆಕೆ ‘ಬಿಲ್ಯಾಂವ್’ ಎನ್ನುತ್ತಿದ್ದರು. ಗಂಡನ ಊರಿನ ಲೆಕ್ಕದಲ್ಲಿ ಅದು ‘ಮಿಲ್ ಮಿಲ್ಯೋಯ್ಶ್’, ಅಂದರೆ ಸಾವಿರ ಮಿಲಿಯನ್. ಅಲ್ಲಿ ಬಿಲ್ಯಾಂವ್ ಎಂದರೆ ಲಕ್ಷ ಕೋಟಿ. ಟೀವಿಯಲ್ಲಿ ನಕ್ಷತ್ರಗಳ ಕಾರ್ಯಕ್ರಮ ಬಂದಾಗ ಆಕೆ ಬೇಕೆಂದೇ ಬಿಲ್ಯಾಂವ್ ಅನ್ನುವರು. ತಿದ್ದಲು ಮೇಷ್ಟರ ಎಡಗೈ ತೋರುಬೆರಳು ತಟ್ಟನೆ ಏಳುವುದು.

“ಸಾವಿರ ಅನ್ನೋಕೂ ಸೋಮಾರಿತನ ಇವಳ ದೇಶದೋರಿಗೆ.”

“ಅಂಗೈಯಷ್ಟು ದೇಶ, ಹೆಸರು ಮಾತ್ರ ಮಾರುದ್ದ!”

ನಮ್ಮ ಬೀದಿ ಕಾಳ್ಗಿಚ್ಚಿನಿಂದ ಪಾರಾದ ಮರುವರ್ಷ, ೨೦೦೪ರಲ್ಲಿ, ಮೇಷ್ಟರಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಹೋಯಿತು, ಮಾತೂ ಹೋಯಿತು. ಹೇಳಿದ್ದು ಅರ್ಥವಾಗುತ್ತದೆ ಎಂದು ಥೆರಪಿಸ್ಟ್‌ಗೆ ಖಾತ್ರಿಯಾದರೆ ಚಿಕಿತ್ಸೆ ಮುಂದುವರಿದು ಮನೆಗೆ ಬರಬಹುದಿತ್ತು. ಇಲ್ಲವಾದರೆ ಸ್ಯಾಂಟಾ ಕ್ಲಾರಿಟಾದಲ್ಲಿ, ಮಗಳ ಮನೆಯ ಹತ್ತಿರದ ನರ್ಸಿಂಗ್ ಹೋಮ್.

ಆಕೆಗೆ ಡ್ರೈವಿಂಗ್ ಬಾರದು; ಆಸ್ಪತ್ರೆಗೆ ನಾನೇ ಕರೆದೊಯ್ಯುತ್ತಿದ್ದೆ. ಒಂದು ಮಧ್ಯಾಹ್ನ ಹಾಸಿಗೆಯ ಪಕ್ಕ ಕುಳಿತು, ಮಗುವಿಗೆ ಹೇಳಿಕೊಡುವಂತೆ, “ಮಿಲ್ಯಾಂವ್...” ಎಂದರು. ನನ್ನತ್ತ ಒಮ್ಮೆ ನೋಡಿ, “ಬಿಲ್ಯಾಂವ್” ಎಂದರು.

ಎಡಗೈ ಬೆರಳು ಎದ್ದಿತು.

“ನೋಡಿದೆಯಾ? ಬೈತಿದ್ದಾನೆ ನನ್ನ!”

“ನೋಡಿದೆ.”

ಈಗ ಬರೆಯುವಾಗ ಆ ಬೆರಳು ನೆಟ್ಟಗೆ ನಿಲ್ಲುತ್ತದೆ. ಅಂದು ಅಷ್ಟು ನೆಟ್ಟಗಿತ್ತೇ? ಆಕೆಯ ಸಂತೋಷವೇ ಅದನ್ನು ನನ್ನ ನೆನಪಿನಲ್ಲಿ ಎತ್ತಿ ನಿಲ್ಲಿಸಿತೋ ಏನೋ.

ಮರುದಿನ ಆಕೆ ಥೆರಪಿಸ್ಟ್ ಎದುರು ಮತ್ತೆ ಎಣಿಸಿದರು. ಬೆರಳು ಹೊದಿಕೆಯ ಮೇಲೆಯೇ ಇತ್ತು. ದನಿ ಏರಿಸಿ ಇನ್ನೊಮ್ಮೆ ಹೇಳಿದರು. ಆಮೇಲೆ, “ಬೈಯಿ, ಒಂದ್ಸಲ ಬೈಯಿ” ಎಂದು ಅವರ ತೋಳು ಹಿಡಿದು ಅಲುಗಿಸಿದರು.

ಥೆರಪಿಸ್ಟ್ ನನ್ನನ್ನು ಮೆಲ್ಲಗೆ ಕೇಳಿದಳು: “ನಿನ್ನೆ ಆ ಪದ ಕೇಳಿ ಬೆರಳು ಎತ್ತಿದ್ರಾ, ಸುಮ್ನೆ ಎತ್ತಿದ್ರಾ?”

“ಗೊತ್ತಿಲ್ಲ” ಎಂದೆ. ಗೊತ್ತಿರಲಿಲ್ಲ.

ಮನೆಯಲ್ಲಿ ನನ್ನವರು, “ಪದ ಕೇಳಿಯೇ ಅಂದ್ಬಿಡ್ಬೇಕಿತ್ತು ಕಣೇ, ನಿನ್ ಗಂಟೇನು ಹೋಗ್ತಿತ್ತು?” ಎಂದರು. ನಾನು ಅನ್ನ ಬಡಿಸಿದೆ.

ಮೇಷ್ಟರನ್ನು ಸ್ಯಾಂಟಾ ಕ್ಲಾರಿಟಾಗೆ ಸಾಗಿಸಿದರು. ಆಕೆಯೂ ಮಗಳ ಮನೆ ಸೇರಿದರು. ಮಳೆಗಾಲ ಕಳೆದ ಮೇಲೆ ನೋಡಲು ಹೋದೆ. ಲಾಸ್ ಏಂಜಲೀಸ್ ದಾಟುವಷ್ಟರಲ್ಲಿ ಟ್ರಾಫಿಕ್ಕಿಗೆ ಸಿಕ್ಕಿ ತಡವಾಗಿತ್ತು. ಆಕೆ ಅವರ ಕಿವಿಯ ಬಳಿ ಬಾಗಿ ಎಣಿಸುತ್ತಿದ್ದರು. ಮಿಲ್ಯಾಂವ್ ಆದ ಮೇಲೆ, ನಿಧಾನವಾಗಿ, ಒಂದಕ್ಷರ ಬಿಡದೆ, ಗಂಡನ ಊರಿನವರಂತೆಯೇ, “ಮಿಲ್ ಮಿಲ್ಯೋಯ್ಶ್” ಎಂದರು.

ಬೆರಳು ಏಳಲು ಇನ್ನು ಕಾರಣವೇ ಇರಲಿಲ್ಲ.