ಷಡ್ಡಕನ ಪರಂಗಿ ಸಸಿ

ಹೊಟ್ಟೆಕಿಚ್ಚಿನಿಂದ ಹಣ್ಣಿನ ತೋಟ ಮಾಡಿದವನು ನಾನು. ಬೇರೆಯವರು ಲಾಭಕ್ಕೆ ಮಾಡುತ್ತಾರೆ, ಆಸೆಗೆ ಮಾಡುತ್ತಾರೆ; ನಾನು ಹೆಂಡತಿಯ ತಂಗಿಯ ಗಂಡನ ಮೇಲಿನ ಉರಿಗೆ ಮಾಡಿದೆ. ಸುಳ್ಳೇಕೆ ಹೇಳಲಿ?

ತೊಂಬತ್ತರ ದಶಕದ ನಡುವಿನ ಮಾತು. ನಾವು ಪಾಂಡವಪುರದ ಕಡೆಯ ನಾಲೆ ಬಯಲಿನವರು, ಕಬ್ಬು ಭತ್ತ ಬಿಟ್ಟು ಬೇರೆ ಬೆಳೆಯ ಹೆಸರೆತ್ತಿದವರಲ್ಲ. ಷಡ್ಡಕ ನೀರಿಲ್ಲದ ನಾಗಮಂಗಲದ ಕಡೆಯವನು. ಮಳೆ ಬಂದರೆ ರಾಗಿ, ಬಾರದಿದ್ದರೆ ಹುರುಳಿ. ಯುಗಾದಿಯ ಮಾರನೆಯ ದಿನ ಹೊಸತೊಡಕಿನ ಬಾಡೂಟಕ್ಕೆ ಕೆ.ಆರ್. ಪೇಟೆಯ ಮಾವನ ಮನೆಯಲ್ಲಿ ಅಳಿಯಂದಿರಿಬ್ಬರೂ ಸೇರುತ್ತಿದ್ದೆವು. ಮರ್ಯಾದೆಯ ತುಂಡು, ಮಜ್ಜೆ ತುಂಬಿದ ನಲ್ಲಿ ಮೂಳೆ, ಬೀಳುತ್ತಿದ್ದುದು ನನ್ನ ಎಲೆಗೆ. ನಾನು ದೊಡ್ಡಳಿಯ, ಮೇಲಾಗಿ ನೀರಾವರಿಯವನು.

ಆ ವರ್ಷ ಅವನು ಒಂದು ಮಂಕರಿ ತುಂಬ ಪರಂಗಿ ಹಣ್ಣು ಹೊತ್ತು ತಂದ. ಅರ್ಧ ಎಕರೆಗೆ ಹಾಕಿದ್ದನಂತೆ, ಮೈಸೂರಿನ ವ್ಯಾಪಾರಿ ತೋಟಕ್ಕೇ ಬಂದು ಒಯ್ಯುತ್ತಿದ್ದನಂತೆ. ಮಾವ ಒಂದು ಹೋಳು ಬಾಯಿಗಿಟ್ಟು, "ಏನ್ ಅಳಿಯಂದ್ರೇ, ಬೆಲ್ಲ ಇದ್ದಂಗದಲ್ಲಾ!" ಎಂದರು. ಹಣ್ಣಿನ ಜೊತೆ ಅವನು ತಂದ ಪರಂಗಿ ಕಾಯಿ ಹಾಕಿ ಅತ್ತೆ ಬೇಯಿಸಿದ ಮುದಿ ಕುರಿಯ ಮಾಂಸವೂ ಬೆಣ್ಣೆಯಂತಾಗಿತ್ತು. ನಲ್ಲಿ ಮೂಳೆ ಅವನ ಎಲೆಗೆ ಹೋಯಿತು. ನನ್ನ ಹೆಂಡತಿ ಅದನ್ನು ನೋಡಿ ಮುಸಿಮುಸಿ ನಕ್ಕಳು. ನಾನು ಅರ್ಧ ಮುದ್ದೆ ಬಿಟ್ಟು ಎಲೆ ಮಡಿಸಿ ಎದ್ದೆ.

ಊರಿಗೆ ಬಂದವನೇ ಅಪ್ಪನ ಬೆನ್ನು ಬಿದ್ದೆ. ಎರಡು ತಿಂಗಳು ನನ್ನನ್ನು ಗೋಳುಹೊಯ್ದುಕೊಂಡು ಅಪ್ಪ ಅರ್ಧ ಎಕರೆ ಗದ್ದೆ ಬಿಟ್ಟುಕೊಟ್ಟ. "ಒಂದೇ ಸಲ ಕಣ್ಲಾ. ಕೆಟ್ಟೋದ್ರೆ ತಿರ್ಗಾ ಕಬ್ಬು. ಆಮ್ಯಾಕೆ ತೋಟ ಗೀಟ ಅಂತ ನನ್ ಮುಂದೆ ಬಾಯಿ ಬುಡಬ್ಯಾಡ."

ಸಸಿಗೆ ಷಡ್ಡಕನನ್ನೇ ಕೇಳಬೇಕಾಯಿತು, ಅದೊಂದು ಅವಮಾನ. ಅವನೋ ಸಸಿಗಳನ್ನು ಬಸ್ಸಿಗೆ ಹಾಕಿಕೊಂಡು ತಾನೇ ಬಂದ. ಗುಂಡಿ ತೋಡಿಸಿದ, ನೆಡಿಸಿದ. ಹೊರಡುವಾಗ, "ಅಣ್ಣಾ, ಬುಡದಲ್ಲಿ ನೀರು ನಿಲ್ಲಬಾರ್ದು ಕಣಣ್ಣ. ನಿಂತ್ರೆ ಬೇರು ಕೊಳ್ತೋಯ್ತದೆ" ಎಂದ. ನಾನು ತಲೆಯಾಡಿಸಿದೆ. ಒಳಗೆ ಅಂದುಕೊಂಡದ್ದೇ ಬೇರೆ. ಬಿಂದಿಗೆಯಲ್ಲಿ ನೀರು ಹೊತ್ತು ಗಿಡ ಸಾಕಿದವನು ನಾಲೆಯವನಿಗೆ ನೀರು ಕಟ್ಟುವುದು ಹೇಳಿಕೊಡುತ್ತಾನಾ? ನನ್ನ ನೀರು ಕಂಡು ಇವನಿಗೇ ಹೊಟ್ಟೆಯುರಿ!

ಮಳೆಯಲ್ಲೇ ಗಿಡ ಮೊಣಕಾಲೆತ್ತರ ಬಂದವು. ಆಮೇಲೆ ನಾಲೆಗೆ ನೀರು ಬಂತು. ನಮ್ಮ ಸರದಿಯ ದಿನ ಗದ್ದೆಗಳಿಗೆ ನೀರು ಬಿಡುವ ನೀರಗಂಟಿ ಬದುವಿನ ಮೇಲೆ ನಿಂತು, "ಸಾಕಾ?" ಎಂದ. ನಮ್ಮ ಕಡೆ ಸಾಕು ಎಂದವನು ದಡ್ಡ. ಮುಂದಿನ ಸರದಿ ಯಾವಾಗಲೋ ಎಂದು ಗದ್ದೆ ತುಂಬಿಸಿ, ನೀರು ಹೊರಹೋಗುವ ಬಾಯಿಗೆ ಮಣ್ಣು ಹಾಕುವುದೇ ರೂಢಿ. "ಬುಡು ಬುಡು, ತುಂಬ್ಲಿ" ಎಂದೆ. ಮೂರು ದಿನ ನೀರು ಹಾಗೇ ನಿಂತಿತ್ತು, ನಾನು ಬದುವಿನ ಮೇಲೆ ನಿಂತು ಮೀಸೆ ತಿರುವಿದೆ.

ವಾರದೊಳಗೆ ಎಲೆಗಳು ಹಳದಿಯಾಗಿ ಜೋತುಬಿದ್ದವು. ಒಂದು ಗಿಡ ಹಿಡಿದು ಅಲ್ಲಾಡಿಸಿದೆ. ಬುಡ ಕಳಚಿ ಕೈಗೆ ಬಂತು, ಗಬ್ಬು ವಾಸನೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಅಪ್ಪ ಬಂದು ನೋಡಿ, "ನಾಳಿಕೆ ನೇಗಿಲು ಕಟ್ತೀನಿ" ಎಂದಷ್ಟೇ ಹೇಳಿ ಹೋದ.

ಎಲೆ ಜೋತುಬಿದ್ದಾಗಲೇ ಹೆಂಡತಿ ತನ್ನ ತಂಗಿಗೆ ಸುದ್ದಿ ಮುಟ್ಟಿಸಿರಬೇಕು, ಮಾರನೆಯ ಬೆಳಗ್ಗೆ ಷಡ್ಡಕ ಬಂದಿಳಿದ. ನಗಲಿ ಇವನು, ಒಂದು ಸಲ ನಗಲಿ, ಆಗ ಇದೆ ಎಂದು ಹಲ್ಲು ಕಚ್ಚಿ ಕಾದೆ. ಅವನು ನಗಲಿಲ್ಲ. ಕುಕ್ಕರುಗಾಲಲ್ಲಿ ಕೂತು ಬೇರು ಮೂಸಿ, ಎತ್ತು ಹೂಡುತ್ತಿದ್ದ ಅಪ್ಪನ ಹತ್ತಿರ ಹೋದ.

"ದೊಡ್ಡಪ್ಪ, ತಪ್ಪು ನಂದೇ. ನೀರಿನ ವಿಸ್ಯ ನಾನು ಅಣ್ಣಂಗೆ ಏಳ್ನೇ ಇಲ್ಲ. ಇನ್ನೊಂದ್ ಸಲ ಬುಟ್ಕೊಡಿ, ಸಸಿ ನಾನೇ ತತ್ತೀನಿ."

ಅಪ್ಪ ನೊಗ ಕಳಚಿದ. "ನೀನು ಏಳ್ದ ಮ್ಯಾಲೆ ಆಯ್ತು ಬುಡಪ್ಪ."

ನನ್ನನ್ನು ಎರಡು ತಿಂಗಳು ಅಲೆಸಿದ ಅಪ್ಪ, ಅವನ ಒಂದು ಮಾತಿಗೆ! ಸುಳ್ಳು ಹೇಳಿ ನನ್ನ ಮಾನ ಉಳಿಸಿದವನ ಕಪಾಳಕ್ಕೆ ಬಾರಿಸಬೇಕೆನಿಸಿತು.

ಎರಡನೆಯ ಸಲ ನೀರು ಬಸಿದುಹೋಗಲು ಕಾಲುವೆ ತೆಗೆದು, ಏರಿಸಿದ ಮಣ್ಣಿನ ಮೇಲೆ ನೆಟ್ಟೆ. ವರ್ಷ ತುಂಬುವುದರೊಳಗೆ ಗಿಡದ ತುಂಬ ಕಾಯಿ. ಮೊದಲ ಕೊಯ್ಲಿಗೆ ಅಪ್ಪ ನಾಗಮಂಗಲಕ್ಕೆ ಹೇಳಿಕಳಿಸಿ ಅವನನ್ನು ಕರೆಸಿದ. ಗಿಡಕ್ಕೆ ಕುಂಕುಮ ಇಟ್ಟು, "ನೀನೇ ಕೀಳಪ್ಪ, ಒಳ್ಳೆ ಕೈ ನಿಂದು" ಎಂದ. ಅವನು ನನ್ನತ್ತ ನೋಡಿ ಹಿಂಜರಿದ. "ಕೀಳೋ ಮಾರಾಯ" ಎಂದೆ. ಅವನು ಕಿತ್ತ ಹಣ್ಣನ್ನು ಎರಡೂ ಕೈ ಚಾಚಿ ಈಸಿಕೊಂಡೆ, ನನ್ನದೇ ತೋಟದ ಹಣ್ಣನ್ನು.