ಏಳನೇ ನಂಬರಿನ ಕತ್ತು

ನನ್ನ ಗಂಡ ಕಮ್ಮಾರ. ಕೆಲಮಂಗಲದ ಸಂತೆಗೆ ಬರುವವರು ಕುಡುಗೋಲು, ಗುದ್ದಲಿ ಮಾಡಿಸಲು ನಮ್ಮ ಕುಲುಮೆಗೇ ಬರುತ್ತಿದ್ದರು. ಅವನು ಇಕ್ಕಳ ಹಿಡಿದರೆ ನಾನು ಸಮ್ಮಟಿಗೆ ಹೊಡೆಯುತ್ತಿದ್ದೆ. ಅವನು ಹೋದ ಮೇಲೂ ಕುಲುಮೆ ಮುಚ್ಚಲಿಲ್ಲ. ಕಬ್ಬಿಣದ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂದುಕೊಂಡಿದ್ದೆ.

ಮಗಳು ಹೊಸೂರಿನ ಹತ್ತಿರ ಒಂದು ಗಾಲ್ಫ್ ಮೈದಾನದಲ್ಲಿ ಹುಲ್ಲು ಕತ್ತರಿಸುತ್ತಾಳೆ. ಮೊಮ್ಮಗಳು ಅಲ್ಲೇ ಚೆಂಡು ಆಯುತ್ತ ಬೆಳೆದು, ಈಗ ಆಡಲು ಬರುವವರಿಗಿಂತ ಚೆನ್ನಾಗಿ ಹೊಡೆಯುತ್ತಾಳೆ. ಹೋದ ವರ್ಷ ರಾಜ್ಯದ ತಂಡದ ಆಯ್ಕೆಗೆ ಅವಳನ್ನು ಕರೆದರು.

"ಈ ಸಲ ತಪ್ಪುದ್ರೆ ವಯಸ್ಸು ಮೀರೋಯ್ತದೆ ಕಣಜ್ಜಿ" ಅಂದಳು.

ಇನ್ನು ಐದು ದಿನ ಇರುವಾಗ ಎರಡು ಚೀಲ ಗಾಲ್ಫ್ ಕೋಲು ಹೊತ್ತು ಬಂದಳು. ಒಂದನ್ನು ಆರಿಸಿಕೋ ಎಂದು ಅವಳಿಗೆ ಆಟ ಕಲಿಸುವ ಕೋಚು ಕೊಟ್ಟಿದ್ದರಂತೆ. ಒಂದರಲ್ಲಿ ಎರಕದ ಕೋಲುಗಳು. ತಲೆ ದಪ್ಪ, ಬೆನ್ನಿನಲ್ಲಿ ಗುಳಿ. ಇನ್ನೊಂದರಲ್ಲಿ ಕಾಸಿ ಬಡಿದು ಮಾಡಿದವು. ತಲೆ ಕುಡುಗೋಲಿನ ಹಾಗೆ ತೆಳು.

"ದಪ್ಪಂದು ತಪ್ಪು ಮುಚ್ತದೆ ಅಜ್ಜಿ, ಎಲ್ ತಗುಲುದ್ರೂ ಚೆಂಡು ಹೋಯ್ತದೆ. ಬಡ್ದಿರೋದ್ರಲ್ಲಿ ತಪ್ಪು ಹೊಡುದ್ರೆ ಅಂಗೈಗೆ ಗೊತ್ತಾಗ್ಬುಡ್ತದೆ."

"ತಪ್ಪು ಮುಚ್ಚೋದ್ಯಾಕೆ? ನೀನೇನು ಈಗ ಕಲಿಯೋಳಾ?"

ಎರಡನ್ನೂ ಕಬ್ಬಿಣ ಬಡಿಯುವ ಅಡಿಗಲ್ಲಿಗೆ ತಟ್ಟಿದೆ. ಎರಕದ್ದು ಪಾತ್ರೆಯ ಹಾಗೆ ಕಿರುಚಿತು. ಬಡಿದದ್ದು ಮೆತ್ತಗೆ, ಆಳದಿಂದ ಮಾತಾಡಿತು. ಇದೇ ಇರಲಿ ಅಂದೆ. ಆ ಮಾತಿನಲ್ಲಿ ತಪ್ಪಿರಲಿಲ್ಲ. ಎರಕದ ಚೀಲ ಅವತ್ತೇ ವಾಪಸ್ಸು ಹೋಯಿತು.

ಅವಳು ಗಿಡ್ಡಿ. ಚೆಂಡಿನ ಮುಂದೆ ನಿಂತರೆ ಕೋಲಿನ ತಲೆಯ ಮುಂತುದಿ ನೆಲ ಬಿಟ್ಟು ಏಳುತ್ತಿತ್ತು. ಹಾಗಿದ್ದರೆ ಚೆಂಡು ಎಡಕ್ಕೆ ಓಡುತ್ತದೆ. ತಲೆ ಹಿಡಿಕೋಲಿಗೆ ಸೇರುವ ಕಡೆ, ಅದರ ಕತ್ತನ್ನು, ಕೂದಲೆಳೆಯಷ್ಟು ಬಗ್ಗಿಸಬೇಕು.

"ಇದು ಮೆದು ಕಬ್ಬಿಣ. ಕೋಚು ಮಿಷಿನ್ಗೆ ಕಚ್ಚಿಸಿ ತಣ್ಗೇ ಬಗ್ಗುಸ್ತಾರೆ."

"ಕಾಯಿಸ್ದೇನೆ? ತಣ್ಗಿರೋ ಕಬ್ಬಿಣ ಬಗ್ಗುಸೋನು ಕಮ್ಮಾರನೇ ಅಲ್ಲ."

"ಅವ್ರು ಕಮ್ಮಾರ ಅಲ್ಲ ಕಣಜ್ಜಿ, ಕೋಚು."

"ಅದ್ಕೇ ಹೇಳ್ತಿರೋದು."

ತಣ್ಣನೆಯ ಕಬ್ಬಿಣ ಬಗ್ಗಿಸಿದರೆ ಅದು ಹಗೆ ಇಟ್ಟುಕೊಳ್ಳುತ್ತದೆ ಎನ್ನುವುದು ನಮ್ಮವರ ಮಾತು. ಮೊದಲು ಒಂದನ್ನು ನೋಡೋಣ ಎಂದು ಏಳನೇ ನಂಬರು ಕೊಟ್ಟಳು. ಒಂದೊಂದು ದೂರಕ್ಕೆ ಒಂದೊಂದು ನಂಬರಿನ ಕೋಲು; ಅವಳ ಕೈಗೆ ಹೆಚ್ಚು ಒಗ್ಗಿದ್ದು ಅದು. ಬಿಸಿಗೆ ಅಂಟು ಕರಗಿ ಹಿಡಿಕೋಲು ಬಿಟ್ಟುಕೊಂಡಿತು. ಕತ್ತು ಕೆಂಪಾಯಿತು, ಬಗ್ಗಿಸಿದೆ. ಆಮೇಲೆ ಯೋಚಿಸದೆ, ಕುಡುಗೋಲನ್ನು ಅದ್ದುವ ಹಾಗೆ ನೀರಿಗೆ ಅದ್ದಿಬಿಟ್ಟೆ.

ನೀರು ಬುಸುಗುಟ್ಟಿತು. ಅದರೊಳಗೆ ಟಿಕ್ ಎಂದು ಒಂದು ಸದ್ದು, ಹುರುಳಿಕಾಳು ಒಡೆದಷ್ಟು. ಆ ಸದ್ದು ನನಗೆ ಗೊತ್ತು, ಕಬ್ಬಿಣ ಬಿರಿಯುವ ಸದ್ದು. ಅವಳು ತಿದಿಯ ಹತ್ತಿರ ಇದ್ದಳು, ಕೇಳಿಸಲಿಲ್ಲ. ಕತ್ತನ್ನು ಉಜ್ಜಿ ನೋಡಿದೆ. ಕಣ್ಣಿಗೆ ಏನೂ ಕಾಣಲಿಲ್ಲ.

"ಸರಿಯಾಯ್ತಾ ಅಜ್ಜಿ?"

"ಹೂಂ. ಉಳ್ದವ್ನ ಕೋಚ್ಗೇ ಕೊಡು."

ಕೋಚು ಉಳಿದವನ್ನೆಲ್ಲ ತಣ್ಣಗೇ ಬಗ್ಗಿಸಿಕೊಟ್ಟರು. ಯಾವುದಕ್ಕೂ ಏನೂ ಆಗಲಿಲ್ಲ.

ಏಳನೇ ನಂಬರಿಗೆ ಹಿಡಿಕೋಲು ಅಂಟಿಸಿಕೊಂಡು ಮೂರು ದಿನ ರಾಗಿ ಕೊಯ್ದ ಹೊಲದಲ್ಲಿ ಹೊಡೆದಳು. ಚೆಂಡು ನೆಟ್ಟಗೆ ಹೋಗುತ್ತಿತ್ತು. ಅವಳ ತಾಯಿ ಎದುರಿಗೆ ನೂರು ಹೆಜ್ಜೆ ಆಚೆ ನಿಂತು ಆಯುತ್ತಿದ್ದಳು. ನಾನು ಚೆಂಡು ನೋಡುತ್ತಿರಲಿಲ್ಲ, ಕತ್ತು ನೋಡುತ್ತಿದ್ದೆ. ಆ ವೇಗದಲ್ಲಿ ತಲೆ ಬಿಟ್ಟುಕೊಂಡರೆ ಕವಣೆಕಲ್ಲು.

"ಏನಜ್ಜಿ, ನೀನೇ ದೃಷ್ಟಿ ಹಾಕ್ತಿದ್ದೀಯಾ?" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಹೇಳೋಣವೆಂದರೆ, ಇಷ್ಟು ವರ್ಷದ ಕೈಗೆ ಕೆಟ್ಟ ಹೆಸರು.

ಮೂರನೆಯ ದಿನ ಸಂಜೆ ಅವಳು, "ಇವತ್ತು ಇನ್ನೂ ಮೆತ್ತಗೆ ತಗುಲ್ತದೆ ಅಜ್ಜಿ, ಬೊ ಚೆನ್ನಾಗದೆ" ಅಂದಳು. ಅದು ಬಿರುಕು ಬಾಯಿ ಬಿಡುತ್ತಿದ್ದದ್ದು. ಎದ್ದು ಹೋಗಿ ಕೋಲು ಕಿತ್ತುಕೊಂಡು, ಕುಲುಮೆಗೆ ಬಂದು ಅಡಿಗಲ್ಲಿನ ಅಂಚಿಗೆ ಒಂದು ಏಟು ಹಾಕಿದೆ. ತಲೆ ಕಳಚಿ ಬಿತ್ತು. ಮುರಿದ ಕಡೆ ಮುಕ್ಕಾಲು ಕಪ್ಪು, ಕಾಲು ಹೊಸ ಬಿಳುಪು. ಕಪ್ಪಿದ್ದದ್ದು ಹಳೆಯ ಬಿರುಕು, ನನ್ನದು.

"ಯಾವಾಗ ಗೊತ್ತಾಯ್ತು ನಿಂಗೆ?"

"ನೀರ್ಗೆ ಅದ್ದುದಾಗ."

"ಅವ್ವ ಎದುರ್ಗೇ ನಿಂತಿದ್ಲಲ್ಲಜ್ಜಿ, ಮೂರ್ ದಿನ."

ಬಿದ್ದ ತಲೆಯನ್ನು ಎತ್ತಿ ಅಡಿಗಲ್ಲಿನ ಮೇಲಿಟ್ಟೆ.

ಹೊಸದು ತರಲು ಹೊತ್ತಿರಲಿಲ್ಲ. ಏಳನೇ ನಂಬರಿಲ್ಲದೆ ಆಡಿದಳು. ಏಳರ ದೂರದ ಹೊಡೆತ ನಾಲ್ಕು ಸಲ ಬಂತಂತೆ. ಎಂಟರಲ್ಲಿ ಜೋರಾಗಿ, ಆರರಲ್ಲಿ ಮೆಲ್ಲಗೆ ಹೊಡೆದು ನೋಡಿದಳಂತೆ. ಎರಡು ಚೆಂಡು ಕೆರೆಗೆ ಬಿದ್ದವಂತೆ. ಆಯ್ಕೆಯಾಗಲಿಲ್ಲ. ಇದನ್ನು ಹೇಳಿದ್ದು ಮಗಳು.

ಮೊಮ್ಮಗಳು ಈಗಲೂ ಬರುತ್ತಾಳೆ, ಉಣ್ಣುತ್ತಾಳೆ. ಚೀಲವನ್ನು ಮಾತ್ರ ಪಕ್ಕದ ಮನೆಯಲ್ಲಿ ಇಟ್ಟು ಬರುತ್ತಾಳೆ.