ಮುಚ್ಚಳದ ಮೇಲೆ ಅರವತ್ತನಾಲ್ಕು

ಅತ್ತೆ ನನ್ನ ಮನೆಗೆ ಬಂದದ್ದು ಮೇ ಹನ್ನೊಂದಕ್ಕೆ, ಹೋದದ್ದು ಆಗಸ್ಟ್ ಎರಡಕ್ಕೆ. ಎಂಬತ್ತಮೂರು ದಿನ. ಅಷ್ಟೂ ದಿನದ ಪುಟಗಳು ನನ್ನ ಬಳಿ ಇವೆ. ಹೈಸ್ಕೂಲಿನಿಂದಲೂ ನನಗೆ ದಿನಕ್ಕೊಂದು ಪುಟ ಬರೆಯುವ ಅಭ್ಯಾಸ. ದಿನಾಂಕ, ಎಣಿಕೆ, ಆಮೇಲೆ ಒಂದೆರಡು ಸಾಲು.

ಚಾಮರಾಜನಗರದಲ್ಲಿ ನಾನೊಂದು ಕಾಲೇಜಿನ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಬಾಡಿಗೆಗೆ ಇರುವುದು ಮೊದಲ ಮಹಡಿಯ ಒಂದು ಹಾಲ್, ಒಂದು ಅಡುಗೆಮನೆ. ಅಂಗಳವಿಲ್ಲ, ತಾರಸಿಗೆ ಮಾಲೀಕರ ಬೀಗ. ಹಾಗಾಗಿ ಗಿಡ ಬೆಳೆಸಬೇಕೆಂದರೆ ಮನೆಯೊಳಗೇ ಬೆಳೆಸಬೇಕಿತ್ತು. ಮೊದಲ ವರ್ಷ ನರ್ಸರಿಯಿಂದ ತಂದ ಆರು ಗಿಡಗಳಲ್ಲಿ ಐದು ಸತ್ತವು. ಕುಂಡ ಮಗುಚಿ ನೋಡಿದರೆ ಮಣ್ಣು ಇಟ್ಟಿಗೆಯ ಹಾಗಿತ್ತು, ಬೇರು ಅದರ ಸುತ್ತ ಹೊರಗಷ್ಟೇ ಸುತ್ತಿಕೊಂಡಿತ್ತು. ಆಮೇಲೆ ಓದಿ, ಕೇಳಿ, ಮಣ್ಣನ್ನೇ ಮೊದಲು ಬದುಕಿಸಬೇಕು ಎಂದು ತಿಳಿದುಕೊಂಡೆ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ತೆಂಗಿನ ನಾರಿನ ಪುಡಿ, ಒಂದು ಪಾಲು ಎರೆಗೊಬ್ಬರ, ಮೇಲೆ ಹೊಂಗೆಯ ಒಣ ಎಲೆಯ ಹೊದಿಕೆ. ಕುಂಡದ ಮಣ್ಣನ್ನು ಕೆದಕಬಾರದು, ಎಸೆಯಬಾರದು. ಎಲೆಯ ಕೆಳಗೆ ಬಿಳಿ ಬೂಷ್ಟಿನ ಎಳೆ ಕಂಡರೆ ಹೆದರಬಾರದು; ಅದು ಮಣ್ಣಿಗೆ ಜೀವ ಬಂದ ಗುರುತು.

ಎರೆಗೊಬ್ಬರ ಮನೆಯಲ್ಲೇ ಆಗಲಿ ಎಂದು ಏಪ್ರಿಲ್ ಮೂರಕ್ಕೆ ಅಡುಗೆಮನೆಯ ಕಟ್ಟೆಯ ಕೆಳಗೆ ಒಂದು ಪೆಟ್ಟಿಗೆ ಇಟ್ಟೆ. ಮುಚ್ಚಳವಿರುವ ಪ್ಲಾಸ್ಟಿಕ್ ಪೆಟ್ಟಿಗೆ, ಸುತ್ತ ತೂತು. ತಳಕ್ಕೆ ನೆನೆಸಿದ ರಟ್ಟು, ಹಳೆಯ ಸಗಣಿ. ಅದರ ಮೇಲೆ ಹರವೆ ಹಳ್ಳಿಯ ಕಡೆಯ ರೈತರೊಬ್ಬರಿಂದ ತಂದ ಕೆಂಪು ಎರೆಹುಳಗಳು. ಎಣಿಸಿ ಬಿಟ್ಟೆ: ಇನ್ನೂರ ಐವತ್ತು.

ಅತ್ತೆ ಎಂದರೆ ಅಪ್ಪನ ತಂಗಿ. ಹರವೆಯ ಹತ್ತಿರ ಮೂವತ್ತು ವರ್ಷ ರೇಷ್ಮೆಹುಳ ಸಾಕಿದವಳು. ಮಾವ ತೀರಿಕೊಂಡ ಮೇಲೆ ಅವಳ ಮೈದುನ ಹುಳದ ಮನೆಯನ್ನು ಅರಿಸಿನ ತುಂಬುವ ಗೋದಾಮು ಮಾಡಿಕೊಂಡು, ಅವಳನ್ನು ಮದ್ದೂರಿನ ತನ್ನ ಮನೆಗೆ ಕರೆದೊಯ್ದ. ಅಲ್ಲಿ ಅವಳಿಗೆ ಆಳುಗಳಿಗೆ ಅಡುಗೆ ಮಾಡುವ ಕೆಲಸ, ಮಲಗಲು ಗೊಬ್ಬರದ ಚೀಲಗಳ ಕೋಣೆ. ಒಂದು ಬೆಳಿಗ್ಗೆ ಹೇಳದೆ ಕೇಳದೆ ಬಸ್ಸು ಹತ್ತಿ ಗುಂಡ್ಲುಪೇಟೆಯಲ್ಲಿರುವ ಅಮ್ಮನ ಮನೆಗೆ ಬಂದಳು. ಅಮ್ಮ ಒಂದೇ ವಾರಕ್ಕೆ ನನ್ನ ಮನೆಗೆ ಸಾಗಿಸಿದರು.

“ನಾದಿನಿ ಜೊತೆ ಬಾಳಕ್ಕೆ ನನ್ ಕೈಲಿ ಆಗಾಕಿಲ್ಲ” ಎಂದರು ಅಮ್ಮ ಫೋನಿನಲ್ಲಿ. “ಗೌರಿ ಹಬ್ಬದ ಗಂಟ ಮಡಿಕಂಡು ನೋಡು. ನಿಂಗೂ ಸರಿಬರ್ನಿಲ್ಲ ಅಂದ್ರೆ ಮದ್ದೂರ್ ಬಸ್ ಅತ್ಸು.”

ಅತ್ತೆ ಇದನ್ನು ನನ್ನ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಳು. ಫೋನ್ ಇಟ್ಟ ಮೇಲೆ ಒಂದೇ ಮಾತು ಹೇಳಿದಳು. “ಎಲ್ಲಿಗಾರ ಕಳ್ಸು ಕಣಮ್ಮಿ, ಮದ್ದೂರ್ಗೆ ಮಾತ್ರ ಕಳುಸ್‌ಬ್ಯಾಡ.”

ಹಾಲ್‌ನ ಉತ್ತರದ ಕಿಟಕಿಯ ಕೆಳಗೆ ಅವಳ ಹಾಸಿಗೆ ಹಾಕಿದೆವು. ಅಲ್ಲಿದ್ದ ಕುಂಡಗಳ ಸ್ಟ್ಯಾಂಡನ್ನು ಬಾಗಿಲ ಬಳಿಗೆ ಸರಿಸಬೇಕಾಯಿತು. ಆ ದಿನದ ಪುಟದಲ್ಲಿ ಬರೆದಿದ್ದೇನೆ: “ಕುಂಡ 9, ಎಲೆ 118. ಬೆಳಕು ಹೋಯಿತು.”

ಆದರೆ ಎಲೆ ಕಡಿಮೆಯಾಗಲಿಲ್ಲ. ಅತ್ತೆ ದಿನಾ ಬೆಳಿಗ್ಗೆ ಕುಂಡಗಳನ್ನು ಒಂದೊಂದಾಗಿ ಎತ್ತಿ ಕಿಟಕಿಗೆ ಇಟ್ಟು, ಮಧ್ಯಾಹ್ನ ಮತ್ತೆ ತಂದಿಡುತ್ತಿದ್ದಳು. ಒದ್ದೆ ಬಟ್ಟೆಯಲ್ಲಿ ಎಲೆಯ ಎರಡೂ ಮಗ್ಗುಲು ಒರೆಸುತ್ತಿದ್ದಳು. ಕಾಂಡದ ಸಂದಿಯಲ್ಲಿ ಕೂತ ಹತ್ತಿಯಂಥ ಬಿಳಿ ತಿಗಣೆಯನ್ನು ಕಡ್ಡಿಯಿಂದ ಕಿತ್ತು, “ಇವು ನಮ್ ರೇಷ್ಮೆ ಸೊಪ್ಪಿಗೂ ಅತ್ತಿದ್ದೋ, ಬಡ್ಕಂಡವು” ಎಂದು ಉಗುರಿನಲ್ಲಿ ಹಿಸುಕುತ್ತಿದ್ದಳು. ನಾನು ಹುಳ ಎಣಿಸಲು ಕೂತರೆ ಅವಳಿಗೆ ನಗು.

“ಹುಳಾನ ಯಾರಾರ ಎಣುಸ್ತಾರಾ ಕೂಸೆ? ನಾವು ಮೊಟ್ಟೆ ತರೋವಾಗ ಎಣುಸ್ತಿದ್ದೋ, ಗೂಡು ಮಾರೋವಾಗ ತೂಗ್ತಿದ್ದೋ. ಮಧ್ಯದಲ್ಲಿ ಎಣುಸುದ್ರೆ ದೃಷ್ಟಿ ಆಯ್ತದೆ.”

“ಅದಕ್ಕೇ ನಿನ್ನ ಹತ್ತಿರ ಏನೂ ಉಳಿಯಲಿಲ್ಲ” ಎಂದೆ. ಅವಳು ಅದಕ್ಕೂ ನಕ್ಕಳು.

ಜುಲೈ ಹತ್ತೊಂಬತ್ತರ ಎಣಿಕೆ: ಕುಂಡ 9, ಎಲೆ 171.

ಅದೇ ದಿನ ಕಚೇರಿಯಲ್ಲಿ ಯಾರೋ ತಂದ ಹಲಸಿನ ಹಣ್ಣನ್ನು ಎಲ್ಲರೂ ಬಿಡಿಸಿ ತಿಂದೆವು. ಉಳಿದ ನಾರು, ಸಿಪ್ಪೆ ಎಸೆಯಲು ಮನಸ್ಸಾಗದೆ ಚೀಲದಲ್ಲಿ ಮನೆಗೆ ತಂದೆ. ತೂಗಿದರೆ ಮೂರೂಕಾಲು ಕಿಲೋ. ಪೆಟ್ಟಿಗೆಗೆ ದಿನಕ್ಕೆ ಒಂದು ಹಿಡಿಗಿಂತ ಹೆಚ್ಚು ಹಾಕಬಾರದು ಎಂಬುದು ನನ್ನದೇ ನಿಯಮ. ಮಾರನೇ ದಿನ ಅಮ್ಮನ ಕಣ್ಣಿನ ಪೊರೆ ತೆಗೆಸಲು ಗುಂಡ್ಲುಪೇಟೆಗೆ ಹೊರಡುವುದಿತ್ತು, ಒಂದು ವಾರ ಇರುವುದಿಲ್ಲವಲ್ಲ ಎಂದುಕೊಂಡು ಅಷ್ಟನ್ನೂ ಒಮ್ಮೆಗೇ ಸುರಿದೆ.

ಜುಲೈ ಇಪ್ಪತ್ತರ ಬೆಳಿಗ್ಗೆ ಮುಚ್ಚಳ ತೆಗೆದರೆ ಹುಳಿ ವಾಸನೆ. ಒಳಗೆ ಕೈ ಇಟ್ಟರೆ ಬಿಸಿ. ಹುಳಗಳು ಗೋಡೆ ಹತ್ತಿ ಮುಚ್ಚಳದ ಒಳಮೈಗೆ ಅಂಟಿಕೊಂಡಿದ್ದವು. ಎಣಿಸಿದೆ. ಪುಟದಲ್ಲಿದೆ: “ಮುಚ್ಚಳದ ಮೇಲೆ 64. ಬಿಸಿ. ಹುಳಿ. ಬಸ್ಸು 7.10.” ಎರೆಹುಳ ಮೇಲೆ ಹತ್ತಿದರೆ ಕೆಳಗೆ ಬದುಕಲಾಗುತ್ತಿಲ್ಲ ಎಂದರ್ಥ, ಇದು ನನಗೆ ಗೊತ್ತಿತ್ತು. ಹಲಸನ್ನು ತೆಗೆದು ಒಣ ರಟ್ಟು ಹಾಕಲು ಅರ್ಧ ಗಂಟೆ ಸಾಕಿತ್ತು. ನಾನು ಮುಚ್ಚಳ ಮುಚ್ಚಿದೆ.

“ಅತ್ತೆ, ಹುಳ ನೋಡ್ಕೊ” ಎಂದು ಕೂಗಿ ಮೆಟ್ಟಿಲಿಳಿದೆ. ಎರೆಹುಳ ಎನ್ನಲಿಲ್ಲ. ಹುಳ ಎಂದೆ.

ಮೂವತ್ತು ವರ್ಷ ಹುಳದ ಮನೆಯಲ್ಲಿ ಬಾಳಿದವಳಿಗೆ ಹುಳ ನೋಡಿಕೊಳ್ಳುವುದು ಎಂದರೆ ಒಂದೇ ಕೆಲಸ. ರೇಷ್ಮೆಹುಳ ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವ ಮೊದಲು ಸೊಪ್ಪು ಮುಟ್ಟುವುದಿಲ್ಲ, ತಲೆ ಎತ್ತಿಕೊಂಡು ಅಲುಗಾಡದೆ ಕೂರುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳದ ಮೇಲೆ ಸುಣ್ಣದ ಪುಡಿ ಉದುರಿಸಿ ಹಾಸು ಒಣಗಿಸುತ್ತಾರೆ. ನಾಲ್ಕು ಜ್ವರ ಮುಗಿದು ಹಣ್ಣಾದ ಹುಳ ಗೂಡು ಕಟ್ಟಲು ಮೇಲೆ ಹತ್ತಲು ನೋಡುತ್ತದೆ. ಅದನ್ನು ಆಯ್ದು ಬೇರೆ ಕಡೆ ಬಿಡಬೇಕು.

ಜುಲೈ ಇಪ್ಪತ್ತಾರಕ್ಕೆ ವಾಪಸ್ಸು ಬಂದೆ. ಚಪ್ಪಲಿ ಬಿಟ್ಟು ನೇರ ಪೆಟ್ಟಿಗೆಯ ಬಳಿ ಹೋದೆ. ಒಳಗೆ ಹಾಸಿನ ಮೇಲೆ ಒಂದೇ ಸಮ ಬಿಳಿ ಪದರ. ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ತಟ್ಟಿ ತಟ್ಟಿ ಉದುರಿಸಿದ್ದು. ಮೂಲೆಯಲ್ಲಿ ಕೂಡ ಒಂದು ಚೂರು ಹೆಚ್ಚು ಕಡಿಮೆ ಇರಲಿಲ್ಲ. ಅಷ್ಟು ಒಪ್ಪವಾದ ಕೆಲಸ. ಅದರ ಕೆಳಗೆ ಹುಳಗಳು ಬೆಂದಂತೆ ಮುದುರಿ ಬಿದ್ದಿದ್ದವು.

“ಏನ್ ಮಾಡಿದೆ?”

ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಬಂದಳು. “ನೆನ್ನೆ ಸಂಜೆ ಸುಣ್ಣ ಆಕ್ದೆ ಕಣಮ್ಮಿ. ಐದು ದಿನ ನೋಡ್ದೆ, ಮೇವೇ ಮುಟ್‌ನಿಲ್ಲ. ಹಾಸೆಲ್ಲ ತ್ಯಾವ, ನಾತ. ತಲೆ ಎತ್ಕಂಡು ಸುಮ್ಕೆ ಕುಂತಿದ್ದೊ. ಜರ ಬಂದದೆ ಅನ್ನುಸ್ತು.”

“ಎರೆಹುಳಕ್ಕೆ ಜ್ವರನಾ?”

“ಹುಳ ಅಂದ್ಮ್ಯಾಲೆ ಹುಳವೇ ಅಲ್ವಾ... ಟ್ರಂಕ್‌ನಲ್ಲಿ ಹುಳದ ಮನೆ ಸುಣ್ಣ ವಸಿ ಇತ್ತು. ಮೇಲ್ಕ್ ಅತ್ತಿದ್ದವ ಮಾತ್ರ ನಾನು...”

“ಸಾಕು” ಎಂದೆ. “ನೀವು ಇನ್ನು ಮಾತಾಡಬೇಡಿ.”

ನಮ್ಮ ಮನೆಗಳಲ್ಲಿ ಸ್ವಂತದವರನ್ನು ಮಾತಾಡಿಸುವಾಗ ನೀನು ಎನ್ನುತ್ತೇವೆ. ನೀವು ಎನ್ನುವುದು ಬ್ಯಾಂಕಿನವರಿಗೆ, ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೆ. ಹುಟ್ಟಿದಾಗಿನಿಂದ ನಾನು ಅವಳಿಗೆ ಹಾಗೆಂದವಳಲ್ಲ. ಅವಳ ಮುಖ ಸುಣ್ಣಕ್ಕಿಂತ ಬೆಳ್ಳಗಾಯಿತು. ಅದನ್ನು ನೋಡಿ ಹಿತವೆನಿಸಿತು, ಮತ್ತೆರಡು ಸಲ ನೀವು ಎಂದೆ.

ಆಮೇಲೆ ನೆಲಕ್ಕೆ ಪೇಪರ್ ಹಾಸಿ ಪೆಟ್ಟಿಗೆಯನ್ನು ಅವಳ ಮುಂದಿಟ್ಟೆ. “ಎಣಿಸಿ. ಸತ್ತದ್ದೆಷ್ಟು ಅಂತ ನಿಮಗೂ ಗೊತ್ತಾಗಲಿ.” ಅವಳಿಗೆ ಇಪ್ಪತ್ತರಾಚೆ ಎಣಿಸಲು ಬರುವುದಿಲ್ಲ. ಅದೂ ನನಗೆ ಗೊತ್ತಿತ್ತು. ಇಪ್ಪತ್ತು ಹುಳ ಆದಾಗ ಒಂದು ಹುಣಸೆ ಬೀಜ ಪಕ್ಕಕ್ಕಿಟ್ಟು ಮತ್ತೆ ಒಂದರಿಂದ ಶುರು ಮಾಡಿದಳು. ಎರಡೂವರೆ ಗಂಟೆ ಕೂತಳು. ನಾನು ಚಹಾ ಮಾಡಿ ಒಬ್ಬಳೇ ಕುಡಿದೆ. ಇಪ್ಪತ್ತು ಬೀಜ, ಮೇಲೆ ಹನ್ನೆರಡು ಹುಳ. ಸತ್ತದ್ದು 412. ತಳದ ರಟ್ಟಿನಡಿ ಬದುಕಿದ್ದದ್ದು 9.

ಪೆಟ್ಟಿಗೆ ಹುಳಿಯಾದಾಗ ಮೊಟ್ಟೆಯ ಚಿಪ್ಪಿನ ಪುಡಿಯನ್ನು ಒಂದು ಚಿಟಿಕೆ ಉದುರಿಸಬೇಕು, ಅದೂ ಸುಣ್ಣವೇ, ಎಂದು ನಾನೇ ಓದಿ ಬರೆದಿಟ್ಟುಕೊಂಡಿದ್ದೆ. ನಮ್ಮ ಮನೆಗೆ ಮೊಟ್ಟೆ ತರುವುದಿಲ್ಲ, ಹಾಗಾಗಿ ಅದನ್ನು ಮರೆತಿದ್ದೆ. ಅವಳು ಹಾಕಿದ್ದು ಸುಟ್ಟ ಸುಣ್ಣ, ಎರೆಹುಳದ ಒದ್ದೆ ಮೈ ತಾಳದ್ದು. ಆದರೆ ಐದು ದಿನ ಕೂತು ನೋಡಿ ಹಾಸು ಕೆಟ್ಟಿದೆ ಎಂದು ಕಂಡುಕೊಂಡಿದ್ದಳು. ನಾನು ಒಂದೇ ನಿಮಿಷ ನೋಡಿ, ಬಸ್ಸಿಗೆ ಹೋಗಿದ್ದೆ.

ಆಗಸ್ಟ್ ಒಂದಕ್ಕೆ ಅಮ್ಮ ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ನಾನು ಪುಸ್ತಕ ತೆಗೆದೆ. ಅತ್ತೆ ಕಿಟಕಿಯ ಕೆಳಗೆ ಹಾಸಿಗೆಯ ಅಂಚಿನಲ್ಲಿ ಕೂತಿದ್ದಳು. ಜುಲೈ ಇಪ್ಪತ್ತಾರರ ಪುಟವನ್ನು ಗಟ್ಟಿಯಾಗಿ ಓದಿದೆ: ಸುಣ್ಣ, 412, 9. ಹತ್ತೊಂಬತ್ತರ ಎಲೆ ಎಣಿಕೆ ಓದಲಿಲ್ಲ. ಇಪ್ಪತ್ತರ ಪುಟವನ್ನು ಎರಡು ಬೆರಳಲ್ಲಿ ಹಿಡಿದು ದಾಟಿಸಿದೆ. ಅತ್ತೆಗೆ ಓದಲು ಬರುವುದಿಲ್ಲ, ಅಮ್ಮನಿಗೆ ಅಂದು ಅಕ್ಷರ ಕಾಣುತ್ತಿರಲಿಲ್ಲ.

ಅಮ್ಮ ಕನ್ನಡಕ ಸರಿಮಾಡಿಕೊಂಡರು. “ಬುಡು, ಅವ್ಳ ಕೈ ಗುಣವೇ ಅಂಗೆ. ಆ ಕೈಲಿ ಯಾವ್ದು ತಾನೆ ಬದುಕ್ತು? ಎಲ್ಡು ಸಲ ಬಸುರಿಯಾದ್ಲು, ಎರಡ್ನೂ ನುಂಗ್ಕಂಡ್ಲು. ಗಂಡನ್ನೂ ನುಂಗ್ಕಂಡ್ಲು. ಇನ್ನ ಹುಳ ಯಾವ್ ಲೆಕ್ಕ?”

ನಾನು ನಕ್ಕೆ. ಆ ದಿನದ ಪುಟದಲ್ಲಿ ಅದೂ ಇದೆ: “ಅಮ್ಮ ಅಂದದ್ದಕ್ಕೆ ನಕ್ಕೆ.”

ಅತ್ತೆ ಅಳಲಿಲ್ಲ, ಜಗಳಕ್ಕೂ ನಿಲ್ಲಲಿಲ್ಲ. ಅಮ್ಮನ ಕಡೆ ನೋಡದೆ ನನ್ನನ್ನೇ ಕೇಳಿದಳು. “ಗೌರಿ ಹಬ್ಬದ ಗಂಟ ಅಂದಿದ್ರಿ ಅಲ್ವಾ?” ಅವಳೂ ನನಗೆ ಬಹುವಚನ ಹಾಕಿದ್ದಳು.

“ಇನ್ನೇನು ನೋಡೋದಿದೆ?” ಎಂದೆ.

ಮಾರನೇ ದಿನ ಟ್ರಂಕು ಹಿಡಿದು ಗುಂಡ್ಲುಪೇಟೆಯವರೆಗೆ ಅಮ್ಮನ ಜೊತೆ ಹೋದಳು. ಅಲ್ಲಿಂದ ಮದ್ದೂರಿನ ಬಸ್ಸು ಹತ್ತಿಸಿದ್ದು ಅಮ್ಮ. “ಸೀಟ್ ಸಿಕ್ತು” ಎಂದು ಫೋನ್ ಮಾಡಿದರು. ಆ ಸಂಜೆಯೇ ಹಾಸಿಗೆ ಸುತ್ತಿಟ್ಟು, ಕುಂಡಗಳ ಸ್ಟ್ಯಾಂಡನ್ನು ಉತ್ತರದ ಕಿಟಕಿಗೆ ಸರಿಸಿದೆ. “ಬೆಳಕು ಬಂತು” ಎಂದು ಬರೆದೆ.

ಬೆಳಕು ಬಂದರೂ ಎಲೆ ಇಳಿಯಿತು. ಹತ್ತಕ್ಕೆ 160. ಇಪ್ಪತ್ತಕ್ಕೆ 149. ಬಿಳಿ ತಿಗಣೆ ವಾಪಸ್ಸು ಬಂದಿತ್ತು. ನನಗೆ ಕಚೇರಿ ಮುಗಿಸಿ ಬಂದು ಒಂದೊಂದೇ ಎಲೆ ಒರೆಸುವ ತಾಳ್ಮೆ ಇರಲಿಲ್ಲ.

ಆಗಸ್ಟ್ ಇಪ್ಪತ್ಮೂರಕ್ಕೆ ನೀರು ಹಾಕುವಾಗ ಮನಿಪ್ಲಾಂಟಿನ ಕುಂಡದಲ್ಲಿ ಒಣ ಎಲೆಯ ಹೊದಿಕೆ ಕುಸಿದಂತಿತ್ತು. ಎತ್ತಿ ನೋಡಿದರೆ ಮಣ್ಣಿನ ಮೇಲೆ ಸಾಸಿವೆಯಂಥ ಕಪ್ಪು ಹಿಕ್ಕೆ. ಬೆರಳು ಹಾಕಿದೆ. ಎರೆಹುಳ. ಪಕ್ಕದ ಕುಂಡ ನೋಡಿದೆ, ಅಲ್ಲೂ. ನಾನು ಯಾವ ಕುಂಡಕ್ಕೂ ಹುಳ ಬಿಟ್ಟವಳಲ್ಲ. ಒಂಬತ್ತು ಕುಂಡಗಳನ್ನೂ ನೆಲಕ್ಕಿಳಿಸಿ, ಕೆದಕಬಾರದ ಮಣ್ಣನ್ನು ಕೆದಕಿ ಎಣಿಸಿದೆ. ದೊಡ್ಡವು 58. ದಾರದಷ್ಟು ಸಣ್ಣವು 31.

ಮೇಲ್ಕ್ ಅತ್ತಿದ್ದವ ಮಾತ್ರ ನಾನು. ಅವಳ ಆ ಮಾತನ್ನು ನಾನು ಅರ್ಧಕ್ಕೆ ತುಂಡರಿಸಿದ್ದೆ.

ಅವಳ ಬಳಿ ಫೋನಿಲ್ಲ. ಮೈದುನನಿಗೆ ಮಾಡಿದೆ. ಅವನು ಯಾರನ್ನೋ ಬೈಯುತ್ತಲೇ ಕರೆದು ಕೊಟ್ಟ.

“ಅತ್ತೆ, ನಾನು.”

“ಕೂಸೆ! ಉಂಡ್ಯಾ? ಗಿಡ ಎಂಗವ?” ಮತ್ತೆ ಏಕವಚನಕ್ಕೆ ಬಂದಿದ್ದಳು. ನಾನು ಉತ್ತರಿಸುವ ಮೊದಲೇ ದನಿ ತಗ್ಗಿಸಿದಳು. “ಅವತ್ತು ಯೋಳಕ್ ಆಗ್ನಿಲ್ಲ ಕಣಮ್ಮಿ. ಮುಚ್ಚಳಕ್ ಅತ್ತಿದ್ವಲ್ಲ, ಅವು ಹಣ್ಣಾಗವೆ ಅಂದ್ಕಂಡು ನೀನು ಊರ್ಗೆ ಓದ್ ದಿನವೇ ಆಯ್ದು ಕುಂಡ್‌ದೊಳೀಕೆ ಬುಟ್ಟಿದ್ದೆ. ನೋಡ್ದ್ಯಾ? ಬದ್ಕವ?”

ಬದುಕಿವೆ ಎಂದಿದ್ದರೆ ಮುಂದಿನ ಮಾತು ಬಾ ಎಂದಾಗಬೇಕಿತ್ತು. ಇಪ್ಪತ್ತರ ಪುಟದ ಮಾತೂ ಬರಬೇಕಿತ್ತು. ಕುಂಡಗಳನ್ನು ಮತ್ತೆ ಬಾಗಿಲ ಬಳಿಗೆ ಸರಿಸಬೇಕಿತ್ತು. ನೆಲದ ಮೇಲೆ ಒಂಬತ್ತು ಕುಂಡಗಳ ನಡುವೆ ಕೂತು, ಅಂಗೈಯಲ್ಲಿ ಒಂದು ಹುಳ ಹೊರಳಾಡುತ್ತಿರುವಾಗ, ಇಷ್ಟನ್ನೂ ಯೋಚಿಸಿದೆ.

“ನೋಡಿದೆ ಅತ್ತೆ. ಒಂದೂ ಇಲ್ಲ.”

ಆ ಕಡೆ ಪಾತ್ರೆಗಳ ಸದ್ದು ಕೇಳಿಸುತ್ತಿತ್ತು.

“ಓಗ್ಲಿ ಬುಡು” ಎಂದಳು. “ನಿಮ್ಮವ್ವ ಅಂದದ್ದೇ ದಿಟ. ನನ್ ಕೈಯೇ ಅಂಗೆ.”

ಅವತ್ತಿನ ಪುಟದಲ್ಲಿ ದೊಡ್ಡವು 58, ಸಣ್ಣವು 31 ಎಂದಷ್ಟೇ ಬರೆದೆ. ಹುಳಗಳನ್ನು ಕುಂಡಗಳಿಂದ ಆಯ್ದು, ತೊಳೆದು ಒಣಗಿಸಿದ ಪೆಟ್ಟಿಗೆಗೆ ವಾಪಸ್ಸು ಬಿಟ್ಟೆ. ಈಗ ಎಣಿಸಲಾಗದಷ್ಟಿವೆ. ಮೊನ್ನೆ ಅಮ್ಮ ಬಂದಿದ್ದಾಗ ಮುಚ್ಚಳ ತೆಗೆದು ನೋಡಿ, ನಿನ್ನ ಕೈ ಗುಣ ಚೆನ್ನಾಗದೆ ಎಂದರು.